ಅರ್ಜಿಯೂ ಅರಿವೂ: ಕೂಲಿಕಾರರ ಚಳವಳಿಯಲ್ಲಿ ವಿಮರ್ಶಾತ್ಮಕ ಶಿಕ್ಷಣ

ವಿಮೋಚನಕಾಂಡದ ಐದನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಮೋಶೆಯ ಕಥೆಯಾಗಿ ಓದುತ್ತೇವೆ. ಅದು ದುಡಿಮೆಯ ಅಳತೆಯ ಕಥೆಯೂ ಹೌದು. ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸುತ್ತಾನೆ. ಇಟ್ಟಿಗೆಗಳ ಲೆಕ್ಕವನ್ನು ಮಾತ್ರ ಇಳಿಸುವುದಿಲ್ಲ. ಲೆಕ್ಕ ತುಂಬದಿದ್ದಾಗ ಇಸ್ರಾಯೇಲ್ಯರಿಂದಲೇ ನೇಮಕವಾದ ಮೇಲ್ವಿಚಾರಕರಿಗೆ ಪೆಟ್ಟು ಬೀಳುತ್ತದೆ. ದೂರು ಕೊಂಡೊಯ್ದವರು ಸೋಮಾರಿಗಳೆನಿಸಿಕೊಳ್ಳುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಕೆರೆಯ ಹೂಳೆತ್ತುವ, ಹೊಲಕ್ಕೆ ಬದು ಹಾಕುವ ಕೂಲಿಕಾರರಿಗೆ ಈ ಅಧ್ಯಾಯದ ವ್ಯಾಖ್ಯಾನ ಬೇಕಾಗಿಲ್ಲ. ಅಗೆದ ಗುಂಡಿಯ ಅಳತೆ ಕಡಿಮೆ ಬರೆಯಲ್ಪಟ್ಟರೆ ಆ ದಿನದ ಕೂಲಿಯೂ ಕಡಿಮೆಯಾಗುತ್ತದೆಂಬುದನ್ನು ಅವರು ಅನುಭವದಿಂದಲೇ ಬಲ್ಲರು.

ಆದರೆ ಬಲ್ಲದ್ದನ್ನು ಕೇಳುವ ಧೈರ್ಯವೂ ಕೇಳುವ ಕ್ರಮವೂ ತಾನಾಗಿ ಬರುವುದಿಲ್ಲ. ಅದನ್ನು ಕಲಿಯಬೇಕಾಗುತ್ತದೆ. ಇಂಥ ಕಲಿಕೆಯನ್ನೇ ವಿಮರ್ಶಾತ್ಮಕ ಶಿಕ್ಷಣವೆಂದು ಕರೆಯುತ್ತಾರೆ. ಅದರ ಸ್ವರೂಪವೇನು, ಈ ಐದು ತಾಲ್ಲೂಕುಗಳಲ್ಲಿ ಅದು ಹೇಗೆ ಕಾಣಿಸುತ್ತದೆ, ನಮ್ಮ ಸಭಾಸೇವೆಗೆ ಅದು ಯಾವ ಪ್ರಶ್ನೆಯನ್ನು ಒಡ್ಡುತ್ತದೆ ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಎರಡು ಪೂರ್ವನಿದರ್ಶನಗಳು

ಬ್ರೆಜಿಲ್ ದೇಶದ ಪಾವ್ಲೊ ಫ್ರೈರೆ (1921–1997) 1963ರಲ್ಲಿ ಆಂಜಿಕೊಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ 40 ಗಂಟೆಗಳ ಪಾಠದಲ್ಲಿ ಓದುಬರಹ ಕಲಿಸುವ ಪ್ರಯೋಗ ನಡೆಸಿದರು. ಅಕ್ಷರಮಾಲೆಯ ಬದಲು ಕಲಿಯುವವರ ಬದುಕಿನ ಪದಗಳಿಂದ ಪಾಠ ಆರಂಭವಾಗುತ್ತಿತ್ತು. ಅವರ ಪದ್ಧತಿಯಲ್ಲಿ ಪ್ರಸಿದ್ಧವಾದ ಪದಗಳಲ್ಲೊಂದು ‘ಟಿಜೊಲೊ’, ಅಂದರೆ ಇಟ್ಟಿಗೆ. ಇಟ್ಟಿಗೆ ಎಂಬ ಪದವನ್ನು ಬಿಡಿಸಿ ಓದುವಾಗಲೇ ಮನೆಗಳನ್ನು ಕಟ್ಟುವವರಿಗೆ ಮನೆಯಿಲ್ಲದಿರುವುದು ಏಕೆಂಬ ಚರ್ಚೆಯೂ ಏಳುತ್ತಿತ್ತು. 1964ರ ಸೈನಿಕ ಕ್ರಾಂತಿಯ ನಂತರ ಅವರು ಸೆರೆವಾಸವನ್ನೂ ದೇಶಭ್ರಷ್ಟತೆಯನ್ನೂ ಅನುಭವಿಸಿದರು. 1970ರಿಂದ ಸುಮಾರು ಹತ್ತು ವರ್ಷ ಅವರಿಗೆ ಕಾರ್ಯಕ್ಷೇತ್ರವನ್ನೊದಗಿಸಿದ್ದು ಜಿನೀವಾದಲ್ಲಿರುವ ಸಭೆಗಳ ಲೋಕ ಮಂಡಳಿ ಎಂಬುದನ್ನು ನಾವು ಮರೆಯಬಾರದು. ಕಲಿಯುವವರನ್ನು ಬರಿಯ ಪಾತ್ರೆಗಳೆಂದು ಭಾವಿಸಿ ಅವರಲ್ಲಿ ಜ್ಞಾನವನ್ನು ಠೇವಣಿಯಿಡುವ ಶಿಕ್ಷಣ ಅವರನ್ನು ಮೂಕರನ್ನಾಗಿಸುತ್ತದೆ ಎಂಬುದು ಫ್ರೈರೆಯವರ ಮುಖ್ಯ ಆಕ್ಷೇಪ.

ಎರಡನೆಯ ನಿದರ್ಶನ ಅಮೆರಿಕದ್ದು. ಟೆನೆಸಿಯಲ್ಲಿ 1932ರಲ್ಲಿ ಹೈಲ್ಯಾಂಡರ್ ಶಾಲೆಯನ್ನು ಸ್ಥಾಪಿಸಿದವರಲ್ಲೊಬ್ಬರಾದ ಮೈಲ್ಸ್ ಹಾರ್ಟನ್, ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ರೈನ್‌ಹೋಲ್ಡ್ ನೀಬೂರರ ವಿದ್ಯಾರ್ಥಿಯಾಗಿದ್ದರು. ಆ ಶಾಲೆ ಮೊದಲು ಕಾರ್ಮಿಕ ಸಂಘಗಳಿಗೆ, ಬಳಿಕ ನಾಗರಿಕ ಹಕ್ಕುಗಳ ಚಳವಳಿಗೆ ತರಬೇತಿಯ ನೆಲೆಯಾಯಿತು. ಅದರ ಆಶ್ರಯದಲ್ಲಿ 1957ರಲ್ಲಿ ಜಾನ್ಸ್ ದ್ವೀಪದಲ್ಲಿ ಕರಿಯ ಜನರಿಗಾಗಿ ಪೌರತ್ವ ಶಾಲೆ ತೆರೆಯಿತು. ಅಲ್ಲಿ ಕಲಿಸಿದ ಬರ್ನೀಸ್ ರಾಬಿನ್ಸನ್ ವೃತ್ತಿಯಿಂದ ಕೇಶಶೃಂಗಾರದವರು, ಶಿಕ್ಷಕಿಯಲ್ಲ. ಮತದಾರರಾಗಿ ಹೆಸರು ನೋಂದಾಯಿಸಲು ಬೇಕಾದ ಓದು, ತುಂಬಬೇಕಾದ ನಮೂನೆಗಳು, ಇವೇ ಅಲ್ಲಿಯ ಪಠ್ಯಗಳು.

ನಮೂನೆ 6 ಎಂಬ ಪಠ್ಯ

ಈಗ ನಮ್ಮ ಸೀಮೆಗೆ ಬರೋಣ. ಇದು ಮಳೆಯನ್ನು ನೆಚ್ಚಿದ ಒಣಭೂಮಿ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಜನ ಗುಳೆ ಹೋಗುತ್ತಾರೆ. ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ 2005ರಲ್ಲಿ ಬಂದಾಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು. ಆದುದರಿಂದ ಮೊದಲ ಹಂತದಲ್ಲೇ, 2006ರಲ್ಲಿ, ಅಲ್ಲಿ ಅದು ಜಾರಿಯಾಯಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ಉಳಿದ ಸೀಮೆಗೆ 2007ರಲ್ಲಿ ಬಂತು. ಇಂದು ಐದೂ ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿವೆ.

ಆ ಕಾಯಿದೆ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿ ಘೋಷಿಸಿತು. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಸಲ್ಲಬೇಕಿತ್ತು: ಮೊದಲ 30 ದಿನಗಳಿಗೆ ಕೂಲಿಯ ಕಾಲುಭಾಗಕ್ಕೆ, ಅನಂತರ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಈ ಹಕ್ಕೆಲ್ಲ ನಿಂತಿದ್ದುದು ಒಂದು ಸಣ್ಣ ಚೀಟಿಯ ಮೇಲೆ. ಕೆಲಸ ಕೇಳುವ ನಮೂನೆ 6ನ್ನು ಕೊಟ್ಟು ದಿನಾಂಕವಿರುವ ಸ್ವೀಕೃತಿ ಪಡೆಯದಿದ್ದರೆ 15 ದಿನಗಳ ಎಣಿಕೆ ಆರಂಭವಾಗುತ್ತಲೇ ಇರಲಿಲ್ಲ. ಬಾಯಿಮಾತಿನಲ್ಲಿ ಕೆಲಸ ಕೇಳಿ ಸುಮ್ಮನಾದವನು ಲೆಕ್ಕದ ಕಣ್ಣಿಗೆ ಕೇಳದವನೇ ಆಗುತ್ತಿದ್ದನು.

ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ಅಂದರೆ ಗ್ರಾಕೂಸ್, ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲೂ ಈ ಸೀಮೆಯಲ್ಲೂ ಕೂಲಿಕಾರರನ್ನು ಒಟ್ಟುಗೂಡಿಸುತ್ತ ಬಂದಿದೆ. ಇಂಥ ಸಂಘಟನೆಗಳ ಕಲಿಕೆ ಕಾಣುವುದು ಇಂಥ ಸಣ್ಣ ಸಂಗತಿಗಳಲ್ಲೇ: ಗುಂಪಾಗಿ ಅರ್ಜಿ ಕೊಡುವುದು, ಸ್ವೀಕೃತಿ ಬರುವ ತನಕ ಪಂಚಾಯಿತಿ ಕಚೇರಿಯಿಂದ ಏಳದಿರುವುದು, ಹಾಜರಿ ಪಟ್ಟಿಯನ್ನು ಓದಿಸಿ ಕೇಳುವುದು, ಗುಂಡಿಯ ಉದ್ದ ಅಗಲ ಆಳಗಳನ್ನು ತಾವೇ ಅಳೆಯುವುದು, ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯಲ್ಲಿ ಎದ್ದು ನಿಲ್ಲುವುದು. ಅಕ್ಷರ ಬಾರದ ಹೆಣ್ಣುಮಗಳೊಬ್ಬಳು ಸ್ವೀಕೃತಿಯ ಮೇಲೆ ದಿನಾಂಕವಿದೆಯೇ ಎಂದು ಕೇಳುವಾಗ ಆಕೆ ಓದುತ್ತಿರುವುದು ಬರಿಯ ಕಾಗದವನ್ನಲ್ಲ. ತನಗೂ ಆಡಳಿತಕ್ಕೂ ಇರುವ ಸಂಬಂಧವನ್ನು. ಕೆಲಸದ ಸ್ಥಳದ ಮೇಟಿಗೆ ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂಬ ಹೆಸರಿದೆ. ಆ ಬಂಧು ದುಡಿಯುವವರ ಪರವಾಗಿ ಲೆಕ್ಕವಿಡುತ್ತಾನೋ, ಫರೋಹನ ಪರವಾಗಿಯೋ ಎಂಬುದನ್ನು ನಿರ್ಧರಿಸುವುದು ಅವನ ಸುತ್ತ ಇರುವವರ ಅರಿವೇ.

ಹಣೆಬರಹವೇ, ಮನುಷ್ಯರ ಏರ್ಪಾಡೇ?

ಕೂಲಿಗಿಂತ ಆಳವಾದ ಇನ್ನೊಂದು ಪ್ರಶ್ನೆ ಈ ನೆಲದಲ್ಲಿದೆ. ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿದ್ದಾಗಲೇ 1947ರ ಕಾಯಿದೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತ್ತು. ಕರ್ನಾಟಕದ ಕಾಯಿದೆ 1982ರಲ್ಲಿ ಬಂತು. ಆದರೂ ರಾಜ್ಯದಲ್ಲಿ 1993–94 ಮತ್ತು 2007–08ರ ಸಮೀಕ್ಷೆಗಳು ಗುರುತಿಸಿದ ಮಹಿಳೆಯರ ಸಂಖ್ಯೆ 46 ಸಾವಿರವನ್ನು ಮೀರಿತು; ಅವರಲ್ಲಿ ಹೆಚ್ಚಿನವರು ದಲಿತರು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಜಾತ್ರೆಯಲ್ಲಿ ಮುತ್ತು ಕಟ್ಟದಂತೆ ಅಧಿಕಾರಿಗಳು ಕಾವಲು ನಿಲ್ಲಬೇಕಾಗಿದೆ. ಕಾನೂನು ತಡೆಯಬಲ್ಲದು, ಆದರೆ ಇದು ದೇವಿಯ ಇಚ್ಛೆಯೆಂಬ ನಂಬಿಕೆಯನ್ನು ಅದು ಕೀಳಲಾರದು. ಅದನ್ನು ಸಡಿಲಿಸಿದವರು ವಿಮುಕ್ತ ದೇವದಾಸಿ ಮಹಿಳೆಯರೇ. ಅವರು ಸಂಘಗಳಾಗಿ ಕೂಡಿ ಮಾಸಾಶನ, ಮನೆ, ಭೂಮಿ ಕೇಳಿ ಧರಣಿ ಕುಳಿತರು. ತಂದೆಯ ಹೆಸರು ಕೇಳುವ ಶಾಲಾ ನಮೂನೆಗಳನ್ನು ಪ್ರಶ್ನಿಸಿದರು. ದೇವಿಯ ಇಚ್ಛೆಯಾದರೆ ಅದು ಕೇರಿಯ ಹುಡುಗಿಯರನ್ನೇ ಏಕೆ ಆರಿಸುತ್ತದೆ? ಈ ಪ್ರಶ್ನೆ ಸಾಮಾಜಿಕವೆಂದು ತೋರಿದರೂ ಶುದ್ಧ ದೇವಜ್ಞಾನದ ಪ್ರಶ್ನೆ. ದೇವರ ಹೆಸರಿನಲ್ಲಿ ನಡೆಯುವುದೆಲ್ಲ ದೇವರದಲ್ಲವೆಂದು ಬೋಧಿಸಿದ ಪ್ರವಾದಿಗಳ ಪರಂಪರೆ ನಮ್ಮದು. ಆದುದರಿಂದ ಇದೇ ಪ್ರಶ್ನೆಯನ್ನು ನಮ್ಮ ಸಭೆಗಳೊಳಗೆ ಉಳಿದಿರುವ ಜಾತಿಯ ಕುರಿತೂ ಕೇಳಲು ನಾವು ಬದ್ಧರು.

ಸಭಾಪಾಲಕನ ಲೇಖನಿ

ಇದೆಲ್ಲ ರಾಜಕೀಯ, ಸುವಾರ್ತಾಸೇವೆಗೆ ಹೊರತಾದದ್ದು ಎಂಬ ಆಕ್ಷೇಪವುಂಟು. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂಬ ಧರ್ಮೋಪದೇಶಕಾಂಡದ ವಿಧಿಯೂ (24:14–15) ತಡೆಹಿಡಿದ ಕೂಲಿ ದೇವರಿಗೆ ಕೂಗುತ್ತದೆಂಬ ಯಾಕೋಬನ ಮಾತೂ (5:4) ಆ ಆಕ್ಷೇಪಕ್ಕೆ ಸಾಕಷ್ಟು ಉತ್ತರ. ಹೆಚ್ಚು ಕಷ್ಟದ ಪ್ರಶ್ನೆ ಬೇರೆಯಿದೆ. ಒಳ್ಳೆಯ ಸಭಾಪಾಲಕನು ಜನರ ಅರ್ಜಿಯನ್ನು ತಾನೇ ಬರೆದುಕೊಡುತ್ತಾನೆ, ಅಧಿಕಾರಿಗೆ ತಾನೇ ಫೋನು ಮಾಡುತ್ತಾನೆ. ನಾವೂ ಹಾಗೆ ಮಾಡಿದ್ದೇವೆ. ಕೆಲಸ ಬೇಗ ಆಗುತ್ತದೆ, ಜನ ಕೃತಜ್ಞರಾಗುತ್ತಾರೆ. ಮುಂದಿನ ವರ್ಷ ಅದೇ ಅರ್ಜಿಗೆ ಮತ್ತೆ ನಮ್ಮ ಬಾಗಿಲಿಗೇ ಬರುತ್ತಾರೆ. ನಮ್ಮ ವರ್ಗಾವಣೆಯಾದ ದಿನ ಅವರ ಹಕ್ಕೂ ನಮ್ಮೊಡನೆ ಹೊರಟುಹೋಗುತ್ತದೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಿಸಲು ತೊಡಗಿದ ಕಾಲದಿಂದ ಓದಿಸುವುದು ಈ ಸೀಮೆಯ ಸಭೆಯ ಗುರುತಾಗಿದೆ. ಆದರೆ ಓದಿಸುವುದರಲ್ಲಿ ಎರಡು ಬಗೆಯುಂಟು. ನೆಹೆಮೀಯನ ಎಂಟನೆಯ ಅಧ್ಯಾಯದಲ್ಲಿ ಎಜ್ರನು ಓದಿದ ಧರ್ಮಶಾಸ್ತ್ರವನ್ನು ಲೇವಿಯರು ಜನರಿಗೆ ಅರ್ಥವಾಗುವಂತೆ ವಿವರಿಸುತ್ತಾರೆ. ಮರುದಿನ ಕುಲದ ಹಿರಿಯರು ತಾವೇ ಅಭ್ಯಾಸಕ್ಕೆ ಕೂಡುತ್ತಾರೆ, ಮರೆತುಹೋಗಿದ್ದ ಪರ್ಣಶಾಲೆಗಳ ವಿಧಿಯನ್ನು ಕಂಡುಕೊಳ್ಳುತ್ತಾರೆ, ಮತ್ತು ಜನರು ಹೊರಟು ಕೊಂಬೆಗಳನ್ನು ತರುತ್ತಾರೆ. ಅರ್ಥವಾದದ್ದು ಕೈಗೆ ಇಳಿಯಿತು.

ಆದುದರಿಂದ ಸೆಮಿನರಿಯ ಕ್ಷೇತ್ರಕಾರ್ಯದ ಕುರಿತು ನಮ್ಮ ಕೋರಿಕೆ ಸರಳ. ವಿದ್ಯಾರ್ಥಿಯು ಹಳ್ಳಿಗೆ ಮೊದಲು ಬೋಧಕನಾಗಿ ಹೋಗದೆ, ಕೂಲಿಕಾರರ ಸಭೆಯಲ್ಲಿ ಕೆಲವು ವಾರ ಕೇಳುಗನಾಗಿ ಕೂರಲಿ. ಹಾಜರಿ ಪಟ್ಟಿಯನ್ನು ಓದುವುದನ್ನು ಅವರಿಂದಲೇ ಕಲಿಯಲಿ. ವಿಮೋಚನಕಾಂಡದ ಐದನೆಯ ಅಧ್ಯಾಯವನ್ನು ಅವರೊಡನೆ ಓದಿ, ಅವರು ಹೇಳಿದ ಅರ್ಥವನ್ನು ತರಗತಿಗೆ ತರಲಿ. ಅರ್ಜಿ ಬರೆಯುವ ಹೊತ್ತು ಬಂದಾಗ ಲೇಖನಿಯನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತಿರಲಿ. ಇದಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ. ನಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ. ಕಾಯಿದೆಗಳು ಬದಲಾದಾವು, ನಮೂನೆಯ ಸಂಖ್ಯೆಯೂ ಬದಲಾದೀತು. ದಿನಾಂಕ ಕೇಳಲು ಒಮ್ಮೆ ಕಲಿತವರು ಮುಂದಿನ ನಮೂನೆಯ ಮುಂದೆಯೂ ಅದನ್ನು ಕೇಳುತ್ತಾರೆ.