ಹೊಳೆಯ ಪಯಣದಲ್ಲಿ ಬೇತು ಬದಲಾದಾಗ

ಇಬ್ಬರು ಕುಳಿತು ಹುಟ್ಟು ಹಾಕುವ, ಮೇಲೆ ತೆರೆದಿರುವ ಉದ್ದನೆಯ ಹಗುರ ದೋಣಿಗೆ ಕೆನೂ ಎನ್ನುತ್ತಾರೆ. ಡೇರೆ, ಹಾಸಿಗೆ, ಬುತ್ತಿಯನ್ನು ಅದರಲ್ಲಿ ಹೇರಿಕೊಂಡು ಹಗಲಿಡೀ ನೀರಿನ ದಾರಿಯಲ್ಲೇ ಸಾಗುವುದು, ಸಂಜೆ ದಂಡೆಗೆ ಹತ್ತಿ ಬಿಡಾರ ಹೂಡುವುದು, ಬೆಳಗಾದರೆ ಮತ್ತೆ ಹೊರಡುವುದು ಕೆನೂ ಶಿಬಿರ ಪಯಣ. ಕೆನಡಾದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಕಟ್ಟುತ್ತಿದ್ದ ದೋಣಿಯಿಂದ ಇದು ಬೆಳೆದು ಬಂತು. ಕನ್ನಡ ನಾಡಿನ ಹೊಳೆಗಳಲ್ಲಿ ಈ ಕೆಲಸ ಮಾಡುತ್ತಿದ್ದುದು ಹರಿಗೋಲು. ಬುಟ್ಟಿಯಂತೆ ದುಂಡಗೆ ಹೆಣೆದು ಚರ್ಮ ಹೊದಿಸಿದ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ, ಕುದುರೆ, ಎತ್ತುಗಳು ಸಹ ಹೊಳೆ ದಾಟುತ್ತಿದ್ದುದನ್ನು ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ 1520ರ ಸುಮಾರಿನಲ್ಲಿ ಬರೆದಿಟ್ಟಿದ್ದಾನೆ. ಆದರೆ ಹರಿಗೋಲು ಆಚೆ ದಡ ಮುಟ್ಟಿಸುವುದಕ್ಕೆ ಸರಿ, ದೂರದ ಹಾದಿಗಲ್ಲ. ಅದು ತಿರುಗುತ್ತಲೇ ಇರುತ್ತದೆ, ಇದಿರು ಗಾಳಿಯಲ್ಲಿ ನೇರ ಸಾಗದು.

ಇಂಥ ಪಯಣದ ವೇಳಾಪಟ್ಟಿ ಕೊನೆಯವರೆಗೂ ಬರೆದಂತೆಯೇ ನಡೆಯುವುದು ಅಪರೂಪ. ಮಳೆ, ಗಾಳಿ, ಅಣೆಕಟ್ಟೆಯ ಗೇಟು, ಜೊತೆಗಾರನ ಜ್ವರ, ಕೈಗೆ ಬಾರದ ಪರವಾನಗಿ, ಯಾವುದಾದರೂ ಒಂದು ಅದನ್ನು ತಿದ್ದಿಸುತ್ತದೆ. ದಾರಿಯಲ್ಲಿ ಬದಲಾವಣೆ ಸುಲಭವಾಗಬೇಕಾದರೆ ಅದಕ್ಕೆ ಮನೆಯಲ್ಲೇ ಜಾಗ ಮಾಡಿಟ್ಟಿರಬೇಕು. ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ಹೊರಡುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಸುತ್ತಲಿನ ನಾಲ್ಕು ನೀರುಗಳ ಸ್ವಭಾವ ನಾಲ್ಕು ಬಗೆ.

ಮೊದಲನೆಯದು ಬೆಣ್ಣಿಹಳ್ಳ. ಶಿಗ್ಗಾವಿ ಕಡೆಯಿಂದ ಹರಿದು ಬಂದು, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ಹಾದು, ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು ಗದಗ ಜಿಲ್ಲೆಯಲ್ಲಿ ಮಲಪ್ರಭೆಗೆ ಸೇರುತ್ತದೆ. ಬೇಸಿಗೆಯಲ್ಲಿ ಇದರಲ್ಲಿ ದೋಣಿ ತೇಲುವಷ್ಟು ನೀರಿರುವುದಿಲ್ಲ. ಮಳೆಗಾಲದಲ್ಲಿ ಒಂದೇ ರಾತ್ರಿಗೆ ದಂಡೆ ಮೀರಿ ಹೊಲಗಳ ಮೇಲೆ ಹರಡುತ್ತದೆ. ಎರೆ ಮಣ್ಣು ಒಮ್ಮೆ ನೆನೆದು ಬಿರುಕು ಮುಚ್ಚಿತೆಂದರೆ ಮುಂದೆ ಬಿದ್ದ ಮಳೆಯನ್ನು ಹೆಚ್ಚು ಹೀರಿಕೊಳ್ಳದು, ನೀರೆಲ್ಲ ಹಳ್ಳಕ್ಕೇ ಇಳಿಯುತ್ತದೆ. ನೆಲ ಸಮತಟ್ಟಾಗಿರುವುದರಿಂದ ಉಕ್ಕಿದ ನೀರು ಬೇಗ ಸರಿದು ಹೋಗುವುದೂ ಇಲ್ಲ. 2009 ಮತ್ತು 2019ರ ನೆರೆಗಳನ್ನು ಕಂಡ ನವಲಗುಂದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಲೆಯ ಮೇಲೆ ಬಿಸಿಲಿರುವಾಗಲೇ, ಮೇಲೆಲ್ಲೋ ಕುಂದಗೋಳದ ಕಡೆ ಸುರಿದ ಮಳೆಯಿಂದ ಯಮನೂರಿನ ಹತ್ತಿರ ಹಳ್ಳ ಬರಬಹುದು. ನೀರಿನ ಬಣ್ಣ ಕೆಂಪಗೋ ಕಪ್ಪಗೋ ತಿರುಗುವುದು, ನೊರೆಯ ಜೊತೆ ಕಣಕಿ, ಕಸ, ಮುರಿದ ಟೊಂಗೆ ತೇಲಿ ಬರುವುದು, ಮೇಲಿನ ತಿರುವಿನಿಂದ ಮೊದಲಿಲ್ಲದ ಸದ್ದು ಕೇಳುವುದು ಅದರ ಮುನ್ಸೂಚನೆಗಳು. ಇವು ಕಂಡಮೇಲೆ ಸಿಗುವ ಹೊತ್ತು ತೀರ ಕಡಿಮೆ. ಬೆಣ್ಣಿಹಳ್ಳದಲ್ಲಿ ದೋಣಿ ಇಳಿಸುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು. ನೀರಿದ್ದಾಗ ಅಪಾಯ, ಅಪಾಯವಿಲ್ಲದಾಗ ನೀರಿಲ್ಲ. ದಂಡೆಗುಂಟ ನಡೆದು ನೋಡುವುದಕ್ಕೆ ಮಾತ್ರ ಇದು ಒಳ್ಳೆಯ ಹಳ್ಳ.

ಎರಡನೆಯದು ಬೇಡ್ತಿ. ಧಾರವಾಡದ ಬಳಿ ಹುಟ್ಟುವ ಶಾಲ್ಮಲೆಯ ನೀರನ್ನೂ ಸೇರಿಸಿಕೊಂಡು ಕಲಘಟಗಿ ತಾಲ್ಲೂಕನ್ನು ದಾಟಿ ಕಾಡಿಗೆ ಇಳಿಯುತ್ತದೆ; ಕೊನೆಗೆ ಗಂಗಾವಳಿಯೆಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ನಕ್ಷೆಯ ನೀಲಿ ಗೆರೆ ನೋಡಿ ಕಲಘಟಗಿಯಿಂದ ಕಡಲಿನವರೆಗೆ ತೇಲಿಕೊಂಡು ಹೋಗಬಹುದೆಂದು ಅನಿಸಬಹುದು. ಆದರೆ ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಇದೇ ಹೊಳೆ ಸುಮಾರು 200 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅದಕ್ಕಿಂತ ಬಹಳ ಮೊದಲೇ ದೋಣಿಯಿಂದ ಇಳಿಯುವ ಜಾಗ ಗೊತ್ತುಮಾಡಿಕೊಳ್ಳದವರು ಈ ಹೊಳೆಗೆ ಇಳಿಯಲೇಬಾರದು.

ಇನ್ನುಳಿದವು ಮಲಪ್ರಭೆ ಮತ್ತು ಕಾಳಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟೆ ಕಟ್ಟಲಾಗಿದೆ. ಅದರ ಹಿನ್ನೀರೇ ರೇಣುಕಾಸಾಗರ. ನವಲಗುಂದ, ಅಣ್ಣಿಗೇರಿ ಕಡೆಯವರಿಗೆ ದೊಡ್ಡ ನೀರೆಂದರೆ ಇದು. ಇಲ್ಲಿ ಸೆಳವಿನ ಭಯ ಕಡಿಮೆ, ಗಾಳಿಯ ಭಯ ಹೆಚ್ಚು. ಕಲಘಟಗಿಯವರು ಹಳಿಯಾಳದ ಮೇಲೆ ಹಾದು ಹೋದರೆ ಕಾಳಿ ಸಿಗುತ್ತದೆ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ, ಅದರ ಬುಡದಲ್ಲಿ 100 ಮೆಗಾವಾಟಿನ ವಿದ್ಯುದಾಗಾರ. ಕೆಳಗಿನ ಕಾಳಿಯಲ್ಲಿ ಬೇಸಿಗೆಯಲ್ಲೂ ರ‍್ಯಾಫ್ಟಿಂಗ್ ನಡೆಯುವುದು ಈ ವಿದ್ಯುದಾಗಾರದಿಂದ ಹೊರಬರುವ ನೀರಿನಿಂದ. ಯಂತ್ರ ತಿರುಗಿದರೆ ಹೊಳೆ ತುಂಬುತ್ತದೆ, ನಿಂತರೆ ಬಂಡೆಗಳು ತಲೆ ಎತ್ತುತ್ತವೆ. ವಿದ್ಯುತ್ತಿಗೆ ಬೇಡಿಕೆ ಯಾವಾಗ ಏರುತ್ತದೆಂಬುದು ಪ್ರವಾಸಿಗನ ಕೈಯಲ್ಲಿಲ್ಲ. ಬೆಳಿಗ್ಗೆ ಮೊಣಕಾಲುದ್ದ ನೀರಿದ್ದ ಮರಳಿನ ಹರವು ಮಧ್ಯಾಹ್ನಕ್ಕೆ ಮುಳುಗಿರಬಹುದು. ಮಳೆಯೇ ಇಲ್ಲದ ದಿನವೂ ಏರಿಳಿಯುವ ಹೊಳೆ ಇದು. ಅಂದಂದಿನ ನೀರು ಬಿಡುಗಡೆಯನ್ನು ಸ್ಥಳೀಯ ರ‍್ಯಾಫ್ಟಿಂಗ್ ನಡೆಸುವವರಲ್ಲಿ ಕೇಳಿ ತಿಳಿಯದೆ ಇಲ್ಲಿ ಹುಟ್ಟು ಮುಟ್ಟಬಾರದು.

ಹೊರಡುವ ಮೊದಲು ಮಾಡಬೇಕಾದುದರಲ್ಲಿ ಮೊದಲ ಕೆಲಸ ದಿನಗಳ ಲೆಕ್ಕ. ನಿಂತ ನೀರಿನಲ್ಲಿ ಕೆನೂ ತಾಸಿಗೆ ನಾಲ್ಕೈದು ಕಿಲೋಮೀಟರ್ ಸಾಗಬಹುದು. ಇದಿರು ಗಾಳಿ ಬೀಸಿದರೆ ಅದರ ಅರ್ಧವೂ ಆಗದು. ಮೂರು ದಿನದ ಹಾದಿಗೆ ನಾಲ್ಕು ದಿನ ಇಟ್ಟುಕೊಂಡವರು ಒಂದು ದಿನ ಡೇರೆಯಲ್ಲಿ ಕುಳಿತರೂ ಬೇತು ಕೆಡುವುದಿಲ್ಲ. ಮೂರೇ ದಿನ ಇಟ್ಟುಕೊಂಡು, ನಾಲ್ಕನೆಯ ದಿನ ಕೆಲಸಕ್ಕೆ ಹಾಜರಾಗಬೇಕಾದವರು ಕೆಟ್ಟ ಗಾಳಿಯಲ್ಲೂ ನೀರಿಗಿಳಿಯುತ್ತಾರೆ. ಎಷ್ಟೋ ಅವಘಡಗಳ ಹಿಂದೆ ಇರುವುದು ಈ ಅವಸರ.

ಎರಡನೆಯದು ಇಳಿದಾಣಗಳು, ಅಂದರೆ ಪಯಣ ಅರ್ಧಕ್ಕೇ ಬಿಟ್ಟು ಊರು ಸೇರಬಹುದಾದ ಜಾಗಗಳು. ಇಲ್ಲಿ ಮಣ್ಣು ನೋಡಿ ಆರಿಸಬೇಕು. ಕಲಘಟಗಿ ಕಡೆಯ ಕೆಂಪು ನೆಲದಲ್ಲಿ ನೀರು ಬೇಗ ಇಂಗುತ್ತದೆ, ಮಳೆ ನಿಂತು ಸ್ವಲ್ಪ ಹೊತ್ತಿಗೆ ಬಂಡಿದಾರಿಯಲ್ಲಿ ಜೀಪು ಬರಬಹುದು. ನವಲಗುಂದ, ಅಣ್ಣಿಗೇರಿಯ ಎರೆ ನೆಲದಲ್ಲಿ ಹಾಗಲ್ಲ. ಒಂದು ಹದಮಳೆ ಬಿದ್ದರೆ ಸಾಕು, ಗಾಲಿಗೆ ಮೆತ್ತಿದ ಮಣ್ಣು ಮಡ್‌ಗಾರ್ಡಿಗೆ ತುಂಬಿ ಗಾಡಿ ನಿಂತೇ ಬಿಡುತ್ತದೆ. ನಡೆಯುವವನ ಚಪ್ಪಲಿಗೆ ಹೆಜ್ಜೆ ಹೆಜ್ಜೆಗೂ ಹೆಂಟೆ ಅಂಟುತ್ತದೆ. ಆದ್ದರಿಂದ ಎರೆ ಸೀಮೆಯಲ್ಲಿ ಡಾಂಬರು ರಸ್ತೆ ಮುಟ್ಟುವ ದಂಡೆ ಮಾತ್ರ ಇಳಿದಾಣ. ಹೊಲದ ದಾರಿ ಎಷ್ಟೇ ಹತ್ತಿರವಿದ್ದರೂ ಲೆಕ್ಕಕ್ಕಿಲ್ಲ. ಡೇರೆಗೂ ಇದೇ ಮಾತು. ಎರೆ ಹೊಲದಲ್ಲಿ ಹೂಡಿದ ಡೇರೆಯ ಗೂಟ ಮಳೆಗೆ ಸಡಿಲಾಗಿ ಕಿತ್ತು ಬರುತ್ತದೆ.

ಕಾಲದ ಆಯ್ಕೆಯೂ ಇಲ್ಲೇ ಸೇರುತ್ತದೆ. ಮಳೆಗಾಲ ಮುಗಿದು ಕೆರೆ, ಜಲಾಶಯಗಳು ತುಂಬಿ ನಿಂತಿರುವ ನವೆಂಬರ್‌ನಿಂದ ಜನವರಿವರೆಗಿನ ದಿನಗಳು ಸುಖವಾದವು. ಚಿತ್ತಿ, ಸ್ವಾತಿ ಮಳೆ ತಡವಾಗಿ ಸುರಿದರೆ ಹೊರಡುವ ದಿನವನ್ನೇ ಮುಂದೂಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗಿಂತ ಮಧ್ಯಾಹ್ನದ ಮೇಲಿನ ಗುಡುಗು ಸಿಡಿಲೇ ದೊಡ್ಡ ಕಂಟಕ. ಗುಡುಗು ಕಿವಿಗೆ ಬಿತ್ತೆಂದರೆ ನೀರಿನಿಂದ ದಂಡೆಗೆ ಬರಬೇಕು, ಕೊನೆಯ ಗುಡುಗಿನ ನಂತರ ಅರ್ಧ ತಾಸು ಕಾಯಬೇಕು. ಬಯಲಿನಲ್ಲಿ ಒಂಟಿಯಾಗಿ ನಿಂತ ಬೇವಿನ ಮರದ ಕೆಳಗೆ ಮಾತ್ರ ನಿಲ್ಲಬಾರದು. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ತಾವಿರುವ ತಾಲ್ಲೂಕಿಗಷ್ಟೇ ನೋಡಿದರೆ ಸಾಲದು. ಹೊಳೆಯ ಮೇಲ್ಭಾಗದ ಜಿಲ್ಲೆಗೂ ನೋಡಬೇಕು. ಮಲಪ್ರಭೆಗೆ ನೀರು ಬರುವುದು ಖಾನಾಪುರದ ಕಾಡಿನಲ್ಲಿ ಬಿದ್ದ ಮಳೆಯಿಂದ.

ದಾರಿಯಲ್ಲಿ ನಿರ್ಧಾರ ತೆಗೆದುಕೊಳ್ಳುವುದಕ್ಕೆ ಕಣ್ಣಿಗೆ ಕಾಣುವ ಗುರುತು ಬೇಕು, ಅಂದಾಜು ಕೈಕೊಡುತ್ತದೆ. ಸಂಜೆ ದಂಡೆ ಹತ್ತಿದ ಕೂಡಲೇ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಬೇಕು. ಒಲೆ ಹೊತ್ತಿಸುವಾಗ ಒಮ್ಮೆ, ಉಂಡ ಮೇಲೆ ಒಮ್ಮೆ, ಮಲಗುವ ಮೊದಲು ಒಮ್ಮೆ ಬ್ಯಾಟರಿ ಹಿಡಿದು ಅದನ್ನು ನೋಡಬೇಕು. ಊಟ ಮುಗಿಯುವಷ್ಟರಲ್ಲಿ ಕಡ್ಡಿ ಒಂದು ಗೇಣು ಮುಳುಗಿದ್ದರೆ, ಆಕಾಶದಲ್ಲಿ ಚುಕ್ಕಿ ತುಂಬಿದ್ದರೂ ಬಿಡಾರ ಮೇಲಕ್ಕೆ ಸಾಗಬೇಕು. ದೋಣಿಯನ್ನು ನೀರಿನಿಂದ ಪೂರ್ತಿ ಎಳೆದು, ಬೋರಲು ಹಾಕಿ, ಮರಕ್ಕೆ ಹಗ್ಗ ಬಿಗಿದೇ ಮಲಗಬೇಕು. ಕಳೆದುಹೋದ ದೋಣಿಯಷ್ಟು ಬೇತು ಕೆಡಿಸುವ ಸಂಗತಿ ಬೇರೊಂದಿಲ್ಲ. ಹಳೆಯ ನೆರೆಯ ಕಸ ಗಿಡಗಳ ಟೊಂಗೆಗೆ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ, ಅದಕ್ಕಿಂತ ಮೇಲೆ ಡೇರೆ ಹೂಡುವವರಿಗೆ ನಡುರಾತ್ರಿ ಏಳುವ ಕಷ್ಟ ತಪ್ಪುತ್ತದೆ.

ರೇಣುಕಾಸಾಗರದಂಥ ಅಗಲ ನೀರಿನಲ್ಲಿ ಗಾಳಿ ಎದ್ದರೆ ಬದಲಿ ದಾರಿ ಸರಳ. ನಡುವೆ ಹಾಯ್ದು ಹೋಗುವುದನ್ನು ಬಿಟ್ಟು ದಂಡೆಗುಂಟ ಹೋಗುವುದು, ದೂರ ಇಮ್ಮಡಿಯಾದರೂ ಸರಿ. ಗಾಳಿ ಕಡಿಮೆಯಿರುವ ನಸುಕಿನಲ್ಲೇ ಹೊರಟು, ಬಿಸಿಲೇರುವ ಹೊತ್ತಿಗೆ ಆ ದಿನದ ಹಾದಿ ಮುಗಿಸುವುದು ಇನ್ನೂ ಒಳ್ಳೆಯದು.

ಹೊಳೆಗಳಲ್ಲಿ ಮೋಸ ಮಾಡುವ ಇನ್ನೊಂದು ಜಾಗ ಬಾಂದಾರ, ಅಂದರೆ ಹೊಳೆಗೆ ಅಡ್ಡಲಾಗಿ ಕಟ್ಟಿದ ಗಿಡ್ಡ ಒಡ್ಡು. ದೋಣಿಯಲ್ಲಿ ಕುಳಿತು ನೋಡಿದರೆ ನೀರು ನಯವಾಗಿ ಒಂದು ಗೆರೆಯಲ್ಲಿ ಮುಗಿದಂತೆ ಕಾಣುತ್ತದೆ. ಗೆರೆಯಾಚೆ ಆಳೆತ್ತರದ ಬೀಳು ಇರಬಹುದು. ಅದರ ಬುಡದಲ್ಲಿ ನೀರು ಹಿಮ್ಮುಖವಾಗಿ ಉರುಳುತ್ತಿದ್ದು, ಬಿದ್ದವನನ್ನು ಮತ್ತೆ ಮತ್ತೆ ಗೋಡೆಯತ್ತ ಎಳೆದು ಮುಳುಗಿಸುತ್ತದೆ. ಈಜು ಬಲ್ಲವರೂ, ಲೈಫ್ ಜಾಕೆಟ್ ತೊಟ್ಟವರೂ ಇದರಿಂದ ಪಾರಾಗುವುದು ಕಷ್ಟ. ಬಾಂದಾರ ಕಂಡರೆ ದಂಡೆಗೆ ಬಂದು ಸಾಮಾನು ಇಳಿಸಿ, ದೋಣಿಯನ್ನು ಹೆಗಲ ಮೇಲೆ ಹೊತ್ತು ದಾಟಬೇಕು. ಅದಕ್ಕೆ ಅರ್ಧ ದಿನ ಹೋದರೆ ಹೋಗಲಿ. ಬೇರೆಡೆ ಸೆಳವಿಗೆ ಬಿದ್ದವರು ನಿಲ್ಲಲು ಹವಣಿಸದೆ, ಅಂಗಾತ ತೇಲುತ್ತ, ಕಾಲನ್ನು ಹರಿವಿನ ಕಡೆ ಮುಂದೆ ಚಾಚಿ ದಂಡೆಯತ್ತ ಸರಿಯಬೇಕು. ಬಂಡೆಗಳ ಸಂದಿನಲ್ಲಿ ಕಾಲು ಸಿಕ್ಕಿದರೆ ಸೊಂಟದುದ್ದ ನೀರೂ ಕೆಡವಿ ಮುಳುಗಿಸುತ್ತದೆ.

ಮುಂದಕ್ಕೂ ಹೋಗಲಾಗದ, ಹಿಂದಕ್ಕೂ ಬರಲಾಗದ ಸ್ಥಿತಿಯ ದೊಡ್ಡ ನಿದರ್ಶನ ಅಮೆರಿಕದ ಮಿನ್ನೆಸೋಟದಲ್ಲಿದೆ. 1999ರ ಜುಲೈ 4ರಂದು ಕೆರೆಗಳ ಸರಮಾಲೆಯಂತಿರುವ ಬೌಂಡರಿ ವಾಟರ್ಸ್ ಕಾಡಿನ ಮೇಲೆ ಭಾರಿ ಬಿರುಗಾಳಿ ಬೀಸಿ, ನಾಲ್ಕು ಲಕ್ಷ ಎಕರೆಗೂ ಹೆಚ್ಚು ಕಾಡಿನ ಮರಗಳನ್ನು ಉರುಳಿಸಿತು. ಕೆರೆಯಿಂದ ಕೆರೆಗೆ ದೋಣಿ ಹೊರುವ ಕಾಲುದಾರಿಗಳು ಮರಗಳಡಿ ಹೂತುಹೋದವು. ಸುಮಾರು 60 ಮಂದಿ ಗಾಯಗೊಂಡರು. ತಾವು ತಂಗಿದ್ದಲ್ಲೇ ಉಳಿದವರನ್ನು ವಿಮಾನ, ದೋಣಿಗಳಲ್ಲಿ ಬಂದವರು ಹುಡುಕಿ ಹೊರತಂದರು. ಸುರಕ್ಷಿತ ಜಾಗ ಸಿಕ್ಕಿದ್ದರೆ ಅಲ್ಲೇ ಕುಳಿತಿರುವುದೂ ಒಂದು ಬದಲಿ ಯೋಜನೆಯೇ.

ಕುಳಿತಿರಬೇಕಾದರೆ ಬುತ್ತಿ ಬೇಕು. ಈ ವಿಷಯದಲ್ಲಿ ಧಾರವಾಡದ ಅಡುಗೆಮನೆಯನ್ನು ಮೀರಿಸುವುದು ಯಾವ ಡಬ್ಬಿ ಆಹಾರಕ್ಕೂ ಸಾಧ್ಯವಿಲ್ಲ. ಕಟಕ ರೊಟ್ಟಿ ವಾರಗಟ್ಟಲೆ ಕೆಡದು, ಒಲೆ ಹೊತ್ತದ ಮಳೆಯ ದಿನವೂ ಹೊಟ್ಟೆ ತುಂಬುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ, ಶೇಂಗಾ ಉಂಡೆ, ಹಚ್ಚಿದ ಅವಲಕ್ಕಿ ಇವೂ ಹಾಗೆಯೇ. ಒಂದೇ ಎಚ್ಚರ, ರೊಟ್ಟಿಗೆ ತೇವ ತಾಗಬಾರದು. ಬಿಗಿ ಮುಚ್ಚಳದ ಡಬ್ಬಿ ಬೇಕು. ಹೆಚ್ಚುವರಿ ದಿನದ ಬುತ್ತಿಯನ್ನು ಬೇರೆ ಗಂಟು ಕಟ್ಟಿ, ಅಗತ್ಯ ಬೀಳುವವರೆಗೆ ಬಿಚ್ಚದಿರುವುದು ಒಳ್ಳೆಯ ಪದ್ಧತಿ. ಹೊಳೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ ಕುಡಿಯಬೇಕು. ಯಾರಿಗಾದರೂ ಭೇದಿ ಹತ್ತಿದರೆ ಅಂಥ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕೊಡುತ್ತ, ಹತ್ತಿರದ ಇಳಿದಾಣದಲ್ಲಿ ಪಯಣ ನಿಲ್ಲಿಸಬೇಕು.

ದಾರಿ ಬದಲಿಸುವಾಗ ಕಾನೂನು ಬದಲಾಗುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಕಾಳಿಯ ದಂಡೆಗಳಲ್ಲಿ ಬಹಳಷ್ಟು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹತ್ತಿದ ಕಾಡು. ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕತ್ತಲಾಯಿತೆಂದು ಸಿಕ್ಕ ದಂಡೆಯಲ್ಲಿ ಡೇರೆ ಹೂಡುವಂತಿಲ್ಲ. ದಾಂಡೇಲಿಯ ಸುತ್ತ ಹೊಳೆಯಲ್ಲಿ ಮೊಸಳೆಗಳೂ ಇವೆ, ನೀರಿನಂಚು ಮಲಗುವ ಜಾಗವಲ್ಲ. ತಂಗಬಹುದಾದ ಎರಡು ಮೂರು ಜಾಗಗಳಿಗೆ ಮೊದಲೇ ಅನುಮತಿ ಪಡೆದಿದ್ದರೆ, ಒಂದು ತಪ್ಪಿದರೆ ಇನ್ನೊಂದು ಇರುತ್ತದೆ. ಜಲಾಶಯಗಳಲ್ಲಿಯೂ ನೀರಾವರಿ ಅಧಿಕಾರಿಗಳ ಒಪ್ಪಿಗೆ ಇಲ್ಲದೆ ದೋಣಿ ಇಳಿಸಬಾರದು.

ಕೊನೆಯದಾಗಿ, ಮನೆಯಲ್ಲಿ ಬಿಟ್ಟು ಹೋಗುವ ಚೀಟಿ. ಅದರಲ್ಲಿ ಹೊರಟವರ ಹೆಸರು, ದೋಣಿಯ ಬಣ್ಣ, ಇಳಿದಾಣಗಳು, ತಂಗುವ ಜಾಗಗಳು, ಮತ್ತು ಇಂಥ ದಿನ ಇಷ್ಟು ಹೊತ್ತಿನೊಳಗೆ ಫೋನ್ ಬಾರದಿದ್ದರೆ 112ಕ್ಕೆ ಕರೆ ಮಾಡಬೇಕೆಂಬ ಮಾತು ಇರಬೇಕು. ಆ ವೇಳೆಯನ್ನು ಹೆಚ್ಚುವರಿ ದಿನವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಇಲ್ಲವಾದರೆ ಸುಖವಾಗಿ ಡೇರೆಯಲ್ಲಿ ಕುಳಿತವರನ್ನು ಹುಡುಕಲು ಊರೇ ಹೊಳೆಗಿಳಿಯುತ್ತದೆ. ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದ ಜಾಗಗಳಿರುವುದರಿಂದ, ದಾರಿ ಬದಲಿಸಿದವರು ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲೇ ಚೀಟಿ ಇಟ್ಟುಕೊಂಡವರಿಗೆ ಹೊಸ ದಾರಿ ತಿಳಿಸಬೇಕು. ಪಯಣ ಮುಗಿಸಿ ದಂಡೆ ಹತ್ತಿದಾಗಲೂ ಅವರಿಗೇ ಮೊದಲ ಕರೆ ಹೋಗಬೇಕು.