ನೀವು ನಿಜವಾಗಿಯೂ ಮಧ್ಯಮ ವರ್ಗವೇ?

'ನಾವೇನು ಶ್ರೀಮಂತರಲ್ಲಪ್ಪ, ಮಿಡ್ಲ್ ಕ್ಲಾಸ್‌ನವರು' ಅಂತ ಬಾಡಿಗೆ ಮನೆಯವರೂ ಹೇಳ್ತಾರೆ, ಎರಡೆರಡು ಕಾರು ಇರುವವರೂ ಹೇಳ್ತಾರೆ. ಹಾಗಾದರೆ ಮಧ್ಯಮ ವರ್ಗ ಅಂದರೆ ಯಾರು?

'ಪ್ರೈಸ್' ಎಂಬ ಸಂಶೋಧನಾ ಸಂಸ್ಥೆಯ ಪ್ರಕಾರ, 2020-21ರ ಬೆಲೆಯ ಲೆಕ್ಕದಲ್ಲಿ ವರ್ಷಕ್ಕೆ 5ರಿಂದ 30 ಲಕ್ಷ ರೂಪಾಯಿ ವರಮಾನವಿರುವ ಕುಟುಂಬ. ಅಂದರೆ ತಿಂಗಳಿಗೆ 42 ಸಾವಿರದವರೂ ಎರಡೂವರೆ ಲಕ್ಷದವರೂ ಒಂದೇ ಪಂಕ್ತಿಯಲ್ಲಿ! ಅದೇ 50 ಸಾವಿರ, ಸ್ವಂತ ಸೂರಿನಡಿ ಇಬ್ಬರೇ ಇದ್ದರೆ ಧಾರಾಳ. ಬೆಂಗಳೂರಿನ ಬಾಡಿಗೆ, ಅತ್ತೆ-ಮಾವನ ಔಷಧಿ, ಮಕ್ಕಳ ಶಾಲೆಯ ಫೀಸು ಎಲ್ಲ ಸೇರಿದರೆ ಇಪ್ಪತ್ತನೇ ತಾರೀಖಿಗೇ ಪರ್ಸ್ ಖಾಲಿ. ಸಂಬಳದ ಅಂಕಿ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಮಧ್ಯದಲ್ಲಿ ಇರೋದರ ಕಷ್ಟ ಗೊತ್ತಾಗೋದು ಆಸ್ಪತ್ರೆಯಲ್ಲಿ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕಾರ್ಡಿನವರಿಗೆ ಸಿಗುವುದು ನಿಗದಿತ ಪ್ಯಾಕೇಜ್ ದರದ ಶೇ 30 ಮಾತ್ರ. ಮಿಕ್ಕಿದ್ದು ನಮ್ಮ ಕೈಯಿಂದಲೇ. ಒಂದು ಆಪರೇಷನ್ ಸಾಕು, ವರ್ಷಗಟ್ಟಲೆ ಕೂಡಿಟ್ಟದ್ದು ಕರಗಲು.

ಆದ್ದರಿಂದ, ಸಂಬಳ ಎಷ್ಟು ಅನ್ನೋದಕ್ಕಿಂತ ಬೇರೊಂದು ಪ್ರಶ್ನೆ ಮುಖ್ಯ. ಮುಂದಿನ ತಿಂಗಳು ಸಂಬಳ ಬರದೇ ಹೋದರೆ ನಿಮ್ಮ ಮನೆ ಎಷ್ಟು ತಿಂಗಳು ನಡೆಯುತ್ತೆ? ಇವತ್ತೇ ಲೆಕ್ಕ ಹಾಕಿ ನೋಡಿ.

* ಬಾಡಿಗೆ, ಸಾಲದ ಕಂತು, ರೇಷನ್, ಹಾಲು, ಕರೆಂಟು, ಫೀಸು, ಔಷಧಿ ಇಷ್ಟನ್ನೇ ಕೂಡಿಸಿ. ಹೋಟೆಲ್, ಸೀರೆ ಬೇಡ. ತಕ್ಷಣ ಕೈಗೆ ಸಿಗುವ ಹಣವನ್ನು ಈ ಮೊತ್ತದಿಂದ ಭಾಗಿಸಿ. ಖರ್ಚು 30 ಸಾವಿರ, ಕೈಯಲ್ಲಿ 60 ಸಾವಿರ ಇದ್ದರೆ ಎರಡೇ ತಿಂಗಳು! ಸೈಟು, ಒಡವೆ ಈ ಲೆಕ್ಕಕ್ಕೆ ಬೇಡ.

* ಆರು ತಿಂಗಳ ಗುರಿ ಇಟ್ಟುಕೊಳ್ಳಿ. ಸಂಬಳ ಬಂದ ದಿನವೇ ಒಂದು ಸಾವಿರವಾದರೂ ಆರ್‌ಡಿಗೆ ಹೋಗಲಿ. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟೋಣ ಅಂದರೆ ಉಳಿಯೋದೇ ಇಲ್ಲ.

* ಯಜಮಾನರ ಆಫೀಸಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತೆ. ಮನೆಮಂದಿಗೆ ಸ್ವಂತ ಪಾಲಿಸಿ ಇರಲಿ. ಇಂಥ ಪಾಲಿಸಿಯ ಕಂತಿನ ಮೇಲಿದ್ದ ಶೇ 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ.

* ಪಾಸ್‌ಬುಕ್, ಪಾಲಿಸಿ, ಸಾಲದ ಕಾಗದ ಎಲ್ಲಿವೆ ಅಂತ ನಿಮಗೂ ಗೊತ್ತಿರಲಿ. 'ಅದೆಲ್ಲ ಅವರೇ ನೋಡ್ಕೋತಾರೆ' ಅನ್ನಬೇಡಿ. ಕಷ್ಟದ ದಿನ ಹುಡುಕಬೇಕಾದವರು ನೀವೇ ಆಗಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಹಾಸಿಗೆ ಎಷ್ಟು ಉದ್ದ ಇದೆ ಅಂತ ಒಮ್ಮೆ ಅಳೆದು ನೋಡಿ, ಸಾಕು.