ನೀವು ಅವರಿಗೆ ಏನಾಗಬೇಕು?

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಮುಗಳಖೋಡದ ಸುತ್ತಲಿನ ರಸ್ತೆಗಳಿಗೆ ಬಿಡುವಿರುವುದಿಲ್ಲ. ಕೆಲವರು ಚಿಂಚಲಿ ಮಾಯಕ್ಕನ ಜಾತ್ರೆಗೆ, ಕೆಲವರು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿರುತ್ತಾರೆ. ಗುಡ್ಡದ ಮೇಲೆ ಚೌಡಿಕೆ ನುಡಿಯುತ್ತದೆ, ಭಂಡಾರ ಹಾರುತ್ತದೆ. ‘ಉಧೋ ಉಧೋ’ ಎಂಬ ಕೂಗಿನ ನಡುವೆ ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು, ಕೈಬಿಟ್ಟು ಕುಣಿಯುವ ಜೋಗಪ್ಪನವರು ಕಾಣುತ್ತಾರೆ. ಅವರ ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರವಿರುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸು ಹೊತ್ತವರಿಗೆ ದೇವಿಯ ಹೆಸರಿನಲ್ಲಿ ಕಟ್ಟುವ ‘ಮುತ್ತು’ ಅದು. ಮುತ್ತು ಕಟ್ಟಿಸಿಕೊಂಡವರು ದೇವಿಗೆ ಸೇರಿದವರು ಎಂದು ಊರ ಮುತ್ತೈದೆಯರೂ ಅವರ ಕಾಲಿಗೆ ಎರಗುತ್ತಾರೆ.

ಆದರೆ ಅದೇ ಜೋಗಪ್ಪ ಊರೊಳಗೆ ಒಬ್ಬ ಸಂಗಾತಿಯ ಜೊತೆ ಮನೆ ಮಾಡುತ್ತೇನೆಂದರೆ ಆ ಭಕ್ತಿ ಎಷ್ಟು ದಿನ ಉಳಿದೀತು? ಗುಡ್ಡದಲ್ಲಿ ಕೊಟ್ಟ ಮರ್ಯಾದೆಯನ್ನು ಓಣಿಯಲ್ಲಿ ಕೊಡಲು ನಾವು ಇನ್ನೂ ಕಲಿತಿಲ್ಲ. ಸಲಿಂಗ ವಿವಾಹದ ಚರ್ಚೆಯನ್ನು ಬೆಳಗಾವಿ ಜಿಲ್ಲೆಯ ಓದುಗರು ಇಲ್ಲಿಂದಲೇ ಶುರುಮಾಡಬಹುದು.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಜೋಗಪ್ಪ ಬೇರೆ, ಸಲಿಂಗಿ ಬೇರೆ. ಜೋಗಪ್ಪನದು ‘ನಾನು ಯಾರು’ ಎಂಬ ಪ್ರಶ್ನೆ, ಸಲಿಂಗಿಯದು ‘ನನ್ನ ಒಲವು ಯಾರ ಕಡೆಗೆ’ ಎಂಬ ಪ್ರಶ್ನೆ. ಆದರೆ ಕಚೇರಿಯ ಮೆಟ್ಟಿಲು ಹತ್ತಿದಾಗ ಇಬ್ಬರಿಗೂ ಎದುರಾಗುವ ಪ್ರಶ್ನೆ ಒಂದೇ.

ಕಚೇರಿ ಕೇಳುವ ಪ್ರಶ್ನೆ

ಇಬ್ಬರು ಹೆಣ್ಣುಮಕ್ಕಳು ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿ, ಒಂದೇ ಎಮ್ಮೆ ಕಟ್ಟಿ, ದುಡಿದ ದುಡ್ಡಿನಲ್ಲಿ ಒಬ್ಬಳ ಹೆಸರಿಗೆ ಒಂದೆಕರೆ ಹೊಲ ಮಾಡಿ ಬಾಳಿದರೆನ್ನಿ. ಆಕೆ ತೀರಿಕೊಂಡ ಮೇಲೆ ಉಳಿದವಳು ಉತಾರ ಹಿಡಿದು ತಲಾಟಿಯ ಮುಂದೆ ನಿಲ್ಲುತ್ತಾಳೆ. ವಾರಸಾ ಬರೆಯುವ ಮೊದಲು ಅವರು ಕೇಳುತ್ತಾರೆ: ‘ನೀವು ಅವರಿಗೆ ಏನಾಗಬೇಕು?’ ದವಾಖಾನೆಯಲ್ಲಿ ಆಪರೇಶನ್ನಿಗೆ ಸಹಿ ಹಾಕುವಾಗಲೂ ಇದೇ ಪ್ರಶ್ನೆ. ‘ಗೆಳತಿ’ ಎಂಬ ಉತ್ತರಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಮೃತ್ಯುಪತ್ರ ಬರೆದಿಟ್ಟಿದ್ದರೆ ಹೊಲ ಉಳಿದೀತು. ಇಲ್ಲದಿದ್ದರೆ ಅದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ರಕ್ತಸಂಬಂಧಿಕರ ಪಾಲಾಗುತ್ತದೆ. ಬದುಕಿದ್ದಾಗ ಒಂದು ದಿನವೂ ಅವರು ಹೊಸ್ತಿಲು ತುಳಿಯದಿದ್ದರೂ ಸರಿ.

ಮದುವೆಯೆಂದರೆ ಅಕ್ಕಿಕಾಳು, ಮಾಂಗಲ್ಯ ಮಾತ್ರವಲ್ಲ. ಈ ಪ್ರಶ್ನೆಗೆ ಕಾನೂನು ಒಪ್ಪುವ ಉತ್ತರವೂ ಹೌದು.

ಅಪರಾಧವಲ್ಲ ಎಂದಾದ ಮೇಲೆ

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಭಾರತೀಯ ದಂಡ ಸಂಹಿತೆಯ 377ನೇ ಕಲಂ ಕುರಿತು ತೀರ್ಪಿತ್ತು, ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಪೊಲೀಸರ ಭಯ ಹೋಯಿತು, ಸಂಬಂಧಕ್ಕೆ ಹೆಸರು ಮಾತ್ರ ಸಿಗಲಿಲ್ಲ. ಆ ಹೆಸರಿಗಾಗಿ ಹಲವು ಜೋಡಿಗಳು ಕೋರ್ಟಿಗೆ ಹೋದವು. ಅರ್ಜಿದಾರರಲ್ಲಿ ನಮ್ಮ ರಾಜ್ಯದ ಲಿಂಗತ್ವ ಅಲ್ಪಸಂಖ್ಯಾತರ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರೂ ಇದ್ದರು.

ಜಾತಿ, ಧರ್ಮ ಮೀರಿ ಮದುವೆಯಾಗುವವರಿಗೆಂದೇ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು ಎನ್ನುವ ಆ ಕಾಯ್ದೆಯನ್ನು ‘ಇಬ್ಬರು ವ್ಯಕ್ತಿಗಳು’ ಎಂದು ಓದಿಕೊಳ್ಳಿ ಎಂಬುದು ಮುಖ್ಯ ಬೇಡಿಕೆ. ಧರ್ಮಗಳ ವೈಯಕ್ತಿಕ ಕಾನೂನಿಗೆ ಕೈಹಾಕುವುದಿಲ್ಲ ಎಂದು ಪೀಠ ಮೊದಲೇ ಹೇಳಿತು. ಹಾಗಾಗಿ ಮಠದ, ಮಸೀದಿಯ, ಚರ್ಚಿನ ಮದುವೆಯ ವಿಧಿಗೆ ಅಲ್ಲಿ ಯಾವ ಆತಂಕವೂ ಇರಲಿಲ್ಲ.

ಎರಡು ಕಡೆಯ ಮಾತು

ವಿರೋಧಿಸಿದವರ ವಾದವನ್ನೂ ನ್ಯಾಯವಾಗಿ ಕೇಳೋಣ. ಮದುವೆ ಗಂಡು ಹೆಣ್ಣಿನ ನಡುವಿನ ಸಂಸ್ಥೆ, ಅದನ್ನು ಬದಲಿಸುವುದಿದ್ದರೆ ಸಂಸತ್ತು ಬದಲಿಸಬೇಕು ಎಂದಿತು ಕೇಂದ್ರ ಸರ್ಕಾರ. ಒಂದು ಕಾಯ್ದೆಯನ್ನು ಮುಟ್ಟಿದರೆ ಬೇರೆ ಕಾನೂನುಗಳ 160 ಕಲಂಗಳು ಅಲುಗಾಡುತ್ತವೆ ಎಂದರು ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ. ಸೊರಬ ತಾಲ್ಲೂಕಿನವರಾದ ಆರೆಸ್ಸೆಸ್ ಸರಕಾರ್ಯವಾಹ ದತ್ತಾತ್ರೇಯ ಹೊಸಬಾಳೆಯವರು 2023ರ ಮಾರ್ಚಿನಲ್ಲಿ, ಮದುವೆ ಒಂದು ಸಂಸ್ಕಾರ, ಅದು ಗಂಡು ಹೆಣ್ಣಿನ ನಡುವೆಯೇ ನಡೆಯಬೇಕು ಎಂದರು. ಜಮಿಯತ್ ಉಲಮಾ-ಎ-ಹಿಂದ್ ಕೂಡ ವಿರೋಧಿಸಿತು. ಬೇರೆಲ್ಲದರಲ್ಲಿ ಎದುರುಬದುರಾದವರು ಇಲ್ಲಿ ಒಂದೇ ಕಡೆ ನಿಂತರು.

ಇನ್ನೊಂದು ಕಡೆ, ನಿಪ್ಪಾಣಿ ದಾಟಿದರೆ ಸಿಗುವ ಮಹಾರಾಷ್ಟ್ರದ ಸಂಸದೆ ಸುಪ್ರಿಯಾ ಸುಳೆ 2022ರಲ್ಲೇ ವಿಶೇಷ ವಿವಾಹ ಕಾಯ್ದೆಯ ತಿದ್ದುಪಡಿಗೆ ಖಾಸಗಿ ಮಸೂದೆ ತಂದಿದ್ದರು. 2024ರ ಚುನಾವಣಾ ಪ್ರಣಾಳಿಕೆಯಲ್ಲಿ ಕಾಂಗ್ರೆಸ್, ವ್ಯಾಪಕ ಸಮಾಲೋಚನೆಯ ನಂತರ ಇಂಥ ಜೋಡಿಗಳ ನಾಗರಿಕ ಸಹಬಾಳ್ವೆಗೆ ಮಾನ್ಯತೆ ಕೊಡುವ ಕಾನೂನು ತರುವುದಾಗಿ ಬರೆಯಿತು. ‘ಮದುವೆ’ ಎಂಬ ಪದವನ್ನು ಅದೂ ಬಳಸಲಿಲ್ಲ.

ಸಲಿಂಗ ವಿವಾಹ ನಗರದ ಉಳ್ಳವರ ವಿಚಾರ ಎಂಬ ಮಾತೂ ಸರ್ಕಾರದ ಅರ್ಜಿಯಲ್ಲಿತ್ತು. ಹಳ್ಳಿಯಲ್ಲಿ ಹೊಲದ ಕೆಲಸ ಮಾಡುವ ಹೆಂಗಸೂ ಇಂಥವಳಾಗಿರಬಹುದು ಎಂದು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ತಮ್ಮ ತೀರ್ಪಿನಲ್ಲಿ ಉತ್ತರಿಸಿದರು. ಎಲ್ಲಮ್ಮನ ಗುಡ್ಡ ಕಂಡವರಿಗೆ ಆ ಉತ್ತರ ಹೊಸದಲ್ಲ. ಇದು ಹೊರಗಿನಿಂದ ಬಂದ ಮಾತು ಎನ್ನುವವರು, ಬೆಂಗಳೂರಿನಲ್ಲಿ ಹುಟ್ಟಿದ ಗಣಿತ ಪ್ರತಿಭೆ ಶಕುಂತಲಾ ದೇವಿ ಸಲಿಂಗಿಗಳ ಬದುಕಿನ ಬಗ್ಗೆ 1977ರಲ್ಲೇ ಪುಸ್ತಕ ಬರೆದಿದ್ದನ್ನು ನೆನೆಯಲಿ.

ತೀರ್ಪು ಮತ್ತು ನಂತರ

ಹತ್ತು ದಿನ ವಾದ ಕೇಳಿದ ಐವರ ಪೀಠ 2023ರ ಅಕ್ಟೋಬರ್ 17ರಂದು ತೀರ್ಪು ಕೊಟ್ಟಿತು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಕಾಯ್ದೆ ಬದಲಿಸುವುದು ಸಂಸತ್ತಿನ ಕೆಲಸ ಎಂಬುದಕ್ಕೆ ಐವರೂ ಒಪ್ಪಿದರು. ಮದುವೆಯಲ್ಲದಿದ್ದರೂ ಸಹಬಾಳ್ವೆಗೆ ಮಾನ್ಯತೆ ಸಿಗಲಿ, ದತ್ತು ಪಡೆಯಲು ಅವಕಾಶವಿರಲಿ ಎಂದವರು ಚಂದ್ರಚೂಡ್ ಮತ್ತು ಎಸ್.ಕೆ. ಕೌಲ್. ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಸೇರಿ ಮೂವರು ಅದಕ್ಕೆ ಒಪ್ಪಲಿಲ್ಲ. ಲಿಂಗತ್ವ ಅಲ್ಪಸಂಖ್ಯಾತರು ಗಂಡು ಹೆಣ್ಣಿನ ಜೋಡಿಯಾಗಿ ಈಗಿರುವ ಕಾನೂನಿನಡಿ ಮದುವೆಯಾಗಬಹುದು ಎಂಬುದಕ್ಕೂ ಐವರೂ ಒಪ್ಪಿದರು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿ 9ರಂದು ವಜಾ ಆದವು.

ಆದರೂ ಒಂದೆರಡು ಬಾಗಿಲು ತೆರೆದಿವೆ. ತೀರ್ಪಿನಂತೆ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಇಂಥ ಜೋಡಿಯನ್ನು ಒಂದೇ ರೇಶನ್ ಕಾರ್ಡಿನ ಕುಟುಂಬವೆಂದು ಪರಿಗಣಿಸಬೇಕು, ಇಬ್ಬರೂ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದು ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು ಎಂದು ಕೇಂದ್ರ 2024ರಲ್ಲಿ ಸ್ಪಷ್ಟಪಡಿಸಿತು. ಹೊರಗೆ ನೆದರ್ಲ್ಯಾಂಡ್ಸ್ 2001ರಲ್ಲಿ, ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರಲ್ಲಿ ಸಲಿಂಗ ವಿವಾಹಕ್ಕೆ ಕಾನೂನು ಜಾರಿಗೆ ತಂದಿವೆ. ಪಕ್ಕದ ನೇಪಾಳದಲ್ಲಿ 2023ರಲ್ಲಿ ಮೊದಲ ನೋಂದಣಿಯಾಯಿತು.

ಸಂಸ್ಕಾರವನ್ನು ಧರ್ಮ ಕಾಪಾಡಿಕೊಳ್ಳಲಿ. ಜೊತೆಗೆ ಬಾಳಿದವರ ಹೊಲ, ಮನೆ, ಕೊನೆಗಾಲದ ಆರೈಕೆಯನ್ನು ಕಾಯುವುದು ಕಾನೂನಿನ ಕೆಲಸ, ಆ ಕೆಲಸ ಇನ್ನೂ ಬಾಕಿಯಿದೆ. ಕೋರ್ಟು ಅದನ್ನು ಸಂಸತ್ತಿಗೆ ಬಿಟ್ಟಿದೆ, ಸಂಸತ್ತಿಗೆ ಆಳನ್ನು ಆರಿಸಿ ಕಳಿಸುವವರು ನಾವು. ಚಿಕ್ಕೋಡಿ ಕ್ಷೇತ್ರದಲ್ಲಿ ಮುಂದೆ ಯಾರಾದರೂ ಮತ ಕೇಳಲು ಬಂದರೆ ರಸ್ತೆ, ನೀರು, ಕಬ್ಬಿನ ಬಾಕಿಯ ಜೊತೆ ಇದನ್ನೂ ಕೇಳಿ. ಅಲ್ಲಿಯವರೆಗೆ ಇಂಥ ಜೋಡಿ ನಿಮ್ಮ ಓಣಿಯಲ್ಲಿದ್ದರೆ, ಮೃತ್ಯುಪತ್ರ ಬರೆಸಿಡಲು ಹೇಳಿ, ಸಾಕ್ಷಿಗೆ ನೀವೇ ಸಹಿ ಹಾಕಿ.